ಬಾಯಿಲ್ಲದ ರಾಕ್ಷಸ

ಬೀಗ ರಿಪೇರಿಯವನ ಭಾನುವಾರಗಳೆಲ್ಲ ಆಟಕ್ಕೇ ಮುಡಿಪು. ಊಟದ ಮೇಜಿನ ಸುತ್ತ ಮೂವರು ಗೆಳೆಯರು ಕಥೆಯೊಳಗಿನ ವೀರರಾಗುತ್ತಿದ್ದರು. ಅವರಿಗೆ ಅಡ್ಡ ಬರುವ ರಾಕ್ಷಸನನ್ನು ಇವನು ದಾಳ ಉರುಳಿಸಿ ಸೃಷ್ಟಿಸುತ್ತಿದ್ದ. ಯಾವ ಅಂಕಿಗೆ ಯಾವ ತಲೆ, ಯಾವ ಕಾಲು, ಎಂಥ ಬಾಯಿ ಎಂದು ಪಟ್ಟಿ ಬರೆದು ಗೋಡೆಗೇ ಅಂಟಿಸಿದ್ದ. ಕೋಳಿಕಾಲಿನ ಆನೆ ಬಂದರೂ ಸರಿಯೇ, ಬಿದ್ದದ್ದು ಬಿದ್ದಂತೆ. ಗೆಳೆಯರು ಎಷ್ಟು ಗೋಗರೆದರೂ ಎರಡನೇ ಸಲ ದಾಳ ಹಾಕಿದವನಲ್ಲ.

ಒಂದು ಭಾನುವಾರ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು, "ನಾನೂ ಹಾಕ್ಲಾ?" ಎಂದಳು. ಎಮ್ಮೆಯ ತಲೆ ಬಿತ್ತು, ಏಡಿಯ ಕಾಲು ಬಿತ್ತು. ಕೊನೆಗೆ ಬಾಯಿಯೇ ಇಲ್ಲ ಎಂದು ಬಿತ್ತು.

"ಅಯ್ಯೋ ಪಾಪ, ಊಟ ಹೇಗೆ ಮಾಡುತ್ತೆ ಇದು?"

ಗೆಳೆಯರು ಬಿದ್ದು ಬಿದ್ದು ನಕ್ಕರು. ಗಂಡನ ಮುಖ ಕೆಂಪೇರಿತು. "ಇದೇನು ಅಡುಗೆಮನೆನಾ? ಕೊಡು ಇಲ್ಲಿ, ಮತ್ತೆ ಹಾಕ್ತೀನಿ," ಎಂದು ಅವಳ ಕೈಯಿಂದ ದಾಳ ಕಿತ್ತುಕೊಂಡ. ಅವಳು ಒಳಗೆ ಹೋದಳು.

ಗೆಳೆಯರು ಈಗ ಬರುವುದಿಲ್ಲ. ಒಬ್ಬನಿಗೆ ಮಂಡಿ ಹೋಯಿತು, ಒಬ್ಬನಿಗೆ ಮೊಮ್ಮಕ್ಕಳಾದವು, ಇನ್ನೊಬ್ಬ ಹೋಗಿಯೇ ಬಿಟ್ಟ. ತಲೆ ನರೆತ ಬೀಗದವನು ಒಬ್ಬನೇ ಕೂತು ರಾಕ್ಷಸರನ್ನು ಮಾಡುತ್ತಾನೆ. ಎಷ್ಟು ಮಾಡಿದರೂ ಕಣ್ಣ ಮುಂದೆ ನಿಲ್ಲುವುದು ಆ ಬಾಯಿಲ್ಲದ್ದೇ. ಎಂಥ ರಾಕ್ಷಸ ಅದು! ಹಸಿವಿದೆ, ತಿನ್ನಲಾರದು, ಅದರ ಮೇಲೆ ಕತ್ತಿ ಎತ್ತಲು ಯಾವ ವೀರನಿಗೆ ಮನಸ್ಸು ಬಂದೀತು? ಮೂರು ಜನರ ಹಾಳು ನಗುವಿಗೆ ಹೆದರಿ ಹುಟ್ಟುವ ಮೊದಲೇ ಅದನ್ನು ಕೊಂದೆನಲ್ಲ ಎಂದುಕೊಳ್ಳುತ್ತಾನೆ.

ನಿನ್ನೆ ಧೈರ್ಯ ಮಾಡಿ ದಾಳವನ್ನು ಹೆಂಡತಿಯ ಮುಂದಿಟ್ಟ. "ಬಾರೇ, ಒಂದು ಸಲ ಹಾಕು."

ಅವಳು ಬಟ್ಟೆ ಮಡಚುತ್ತಲೇ ಹೇಳಿದಳು: "ನೀವೇ ಹಾಕಿ. ನಾನು ಹಾಕಿದ್ರೆ ನೀವು ಮತ್ತೆ ಹಾಕಬೇಕಾಗುತ್ತೆ."