ಹೊಂಗೆ ಸೊಪ್ಪಿನ ಮಡಿ

ನಮ್ಮ ಯಲಿಯೂರಿನ ಕಡೆಗೆ ನಾಲೆ ನೀರು ಬಂದ ಹೊಸತು ಅದು. ಗದ್ದೆಯಿದ್ದವರೆಲ್ಲ ಹಿಗ್ಗುತ್ತಿದ್ದ ಕಾಲ. ತಗ್ಗಿನಲ್ಲಿದ್ದ ನಮ್ಮ ಹಿತ್ತಿಲಿಗೆ ಮಾತ್ರ ನೀರು ಜಿನುಗಿ, ಒಣಗಿದಾಗ ನೆಲದ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಪುಡಿ ಏಳುತ್ತಿತ್ತು. ಅದೇ ಚೌಳು. ಅದರಲ್ಲಿ ಗರಿಕೆಯೂ ಹುಟ್ಟುತ್ತಿರಲಿಲ್ಲ.

ಅಪ್ಪ ಊರಿನ ಶಾಲೆಯಲ್ಲಿ ಮೇಷ್ಟ್ರು. ನನಗೆ ಒಂಬತ್ತು ವರ್ಷ. ಆ ವರ್ಷ ಶಿವರಾತ್ರಿಯ ಹೊತ್ತಿಗೆ ನನ್ನ ತಮ್ಮ ಜ್ವರ ಬಂದು ತೀರಿಹೋದ. ಹಲ್ಲು ಹುಟ್ಟದ ಕೂಸನ್ನು ಸುಡುವುದಿಲ್ಲ. ಹಿತ್ತಿಲಾಚೆಯ ಹೊಂಗೆ ಮರದ ಬುಡದಲ್ಲಿ ಹೂತರು. ಅಂದಿನಿಂದ ಅಮ್ಮ ಮಾತು ಬಿಟ್ಟಳು, ಅಳಲೂ ಇಲ್ಲ. ನನಗೂ ಅಳು ಬರಲಿಲ್ಲ. ಮೈಯೆಲ್ಲ ಜೋಮು ಹಿಡಿದ ಹಾಗಿತ್ತು, ಅಷ್ಟೆ.

ಒಂದು ಬೆಳಿಗ್ಗೆ ಅಮ್ಮ ಗುದ್ದಲಿ ಹಿಡಿದು ಹಿತ್ತಿಲಿಗಿಳಿದಳು. ಕಲ್ಲು ಜೋಡಿಸಿ, ಮಣ್ಣು ಏರಿಸಿ ಎತ್ತರದ ನಾಲ್ಕು ಮಡಿ ಕಟ್ಟಿ ಗೋರಿಕಾಯಿ, ದಂಟು ಬಿತ್ತಿದಳು. ಅಪ್ಪ ನನ್ನನ್ನು ಪಕ್ಕಕ್ಕೆ ಕರೆದು, "ನಿಮ್ಮಮ್ಮ ಏನೋ ಒಂದು ಮಾಡ್ತಿದಾಳಲ್ಲ, ಅದೇ ಸಾಕು. ಆ ಗಿಡ ಸಾಯದ ಹಾಗೆ ನೋಡ್ಕೊಳ್ಳೇ" ಎಂದರು.

ತರಕಾರಿಗೆ ಬೂದಿ ಒಳ್ಳೆಯದೆಂದು ಊರೆಲ್ಲ ಹೇಳುತ್ತಿತ್ತು. ಒಳ್ಳೆಯದೆಂದರೆ ನಾನು ಕೈ ಬಿಗಿ ಹಿಡಿಯುವವಳಲ್ಲ. ದಿನಾ ಒಲೆಯ ಬೂದಿಯನ್ನೆಲ್ಲ ಮೊರದಲ್ಲಿ ತಂದು ಸುರಿದೆ. ಸಸಿಗಳು ಎರಡೆಲೆ ಬಿಟ್ಟು, ಅಂಚು ಸುಟ್ಟು ಒಣಗಿದವು. ಅಮ್ಮ ಮತ್ತೆ ಬಿತ್ತಿದಳು, ಮತ್ತೆ ಒಣಗಿದವು. ಅಮ್ಮ ಗುದ್ದಲಿಯನ್ನು ಮೂಲೆಗೆ ಒರಗಿಸಿ, ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ನನಗೆ ಭಯವಾಯಿತು.

ಮಜ್ಜಿಗೆ ಮಾರುವ ಕೆಂಪಮ್ಮನ ಕೈ ಹಿಡಿದು ಹಿತ್ತಿಲಿಗೆ ಎಳೆದುಕೊಂಡು ಹೋದೆ. ಅವಳು ಚಿಟಿಕೆ ಮಣ್ಣನ್ನು ನಾಲಗೆಗಿಟ್ಟು ಉಗಿದಳು.

"ಥೂ! ಚೌಳು ಮಣ್ಗೆ ಬೂದಿ ಸುರ್ದೋರು ಯಾರವ್ವ? ಉಪ್ಪಿನ್ ಮ್ಯಾಕೆ ಉಪ್ಪು ಉಯ್ದಂಗಾಯ್ತಲ್ಲ!"

"ನಾನು" ಎಂದೆ. ಬಾಗಿಲಲ್ಲಿ ಅಮ್ಮ ನಿಂತಿದ್ದಳು.

"ಬುಡು ಮಗ, ಗೊತ್ತಿಲ್ದೆ ಮಾಡ್ದೆ. ಅಮ್ಮಾರೆ, ಮ್ಯಾಗ್ಲು ಮಣ್ಣು ಕೆರ್ದು ಎಸೀರಿ. ಕೆರೆ ಗೋಡು ತುಂಬ್ಸಿ, ಒಂಗೆ ಸೊಪ್ಪು ಆಕಿ ತುಳ್ದು, ನೀರು ಕಟ್ಟಿ ಕೊಳೀಲಿ ಬುಡಿ..."

ಅಷ್ಟು ಹೇಳಿ ಕೆಂಪಮ್ಮ ನಾಲಗೆ ಕಚ್ಚಿಕೊಂಡಳು. ಊರಿನ ಹೊಂಗೆಗಳನ್ನೆಲ್ಲ ಗದ್ದೆಗೆಂದು ಸವರಿ ಬೋಳು ಮಾಡಿದ್ದರು. ಸೊಪ್ಪು ಉಳಿದದ್ದು ನಮ್ಮ ಹಿತ್ತಿಲಾಚೆಯ ಒಂದೇ ಮರದಲ್ಲಿ. ಅದನ್ನು ಯಾರೂ ಮುಟ್ಟುತ್ತಿರಲಿಲ್ಲ.

ಅಮ್ಮ ಕುಡುಗೋಲು ತಂದಳು. "ಬುಟ್ಟಿ ತಗೊಂಡು ಬಾ" ಎಂದಳು. ತಿಂಗಳ ಮೇಲೆ ಕೇಳಿದ ಮೊದಲ ಮಾತು. ಅವಳು ಕೊಯ್ದಳು, ನಾನು ಆಯ್ದೆ. ಕಾಲಿಡುವಾಗ ಇಬ್ಬರೂ ಬುಡದ ಆ ಜಾಗವನ್ನು ಬಿಟ್ಟು ಇಟ್ಟೆವು. ಮೇಲಿನ ಮಣ್ಣನ್ನು ಕೆರೆದೆಸೆದು, ಸೊಪ್ಪನ್ನು ಕೆರೆಯಿಂದ ಹೊತ್ತು ತಂದ ಗೋಡುಮಣ್ಣಿನ ಜೊತೆ ಮಡಿಗೆ ಹಾಕಿ ತುಳಿದೆವು. ಕೊಳೆಯುವ ಕಹಿ ವಾಸನೆ ಮೂರು ವಾರ ಮನೆಯಲ್ಲೆಲ್ಲ ತುಂಬಿತ್ತು.

ಆಮೇಲೆ ಬಿತ್ತಿದ ಗೋರಿಕಾಯಿ ಗೊಂಚಲು ಗೊಂಚಲಾಗಿ ಬಿಟ್ಟಿತು. ಮೊದಲ ದಿನದ ಪಲ್ಯವನ್ನು ನಾನು ಮೂರು ಸಲ ಹಾಕಿಸಿಕೊಂಡೆ. ಅಮ್ಮ ಒಂದು ತುತ್ತು ಬಾಯಿಗಿಟ್ಟು ನಿಧಾನವಾಗಿ ಅಗಿದು ನುಂಗಿದಳು. "ಉಪ್ಪು ಸಾಕೇನೇ?" ಎಂದಳು. ಸಾಕೆಂದೆ.

ಈಗ ಆ ಹಿತ್ತಿಲಿಲ್ಲ, ಹೊಂಗೆಯಿಲ್ಲ, ಅಮ್ಮನೂ ಇಲ್ಲ. ನನ್ನ ಕೈತೋಟಕ್ಕೆ ಮೂಟೆಯಲ್ಲಿ ಬರುವ ಗೊಬ್ಬರ ಹಾಕುತ್ತೇನೆ, ಕಾಯಿ ಬಿಡುತ್ತದೆ. ಬೂದಿ ಸುರಿದದ್ದಕ್ಕೆ ಅಮ್ಮ ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಅಂದೇ ಇಬ್ಬರೂ ಅತ್ತುಬಿಡುತ್ತಿದ್ದೆವು.