ದೇವಕಿಯಮ್ಮನ ಓಲೆಕಟ್ಟು

ಮನುಷ್ಯನ ಆಯುಷ್ಯಕ್ಕಿಂತ ಅವನು ಬರೆದಿಟ್ಟದ್ದರ ಆಯುಷ್ಯ ದೊಡ್ಡದು ಎಂದು ಹಿರಿಯರು ಹೇಳುತ್ತಾರೆ. ಗೆದ್ದಲು ಇದನ್ನು ಒಪ್ಪುವುದಿಲ್ಲ. ಎಂಬತ್ತರ ದಶಕದ ಮೊದಲಿಗೆ ಪುತ್ತೂರಿನ ಕಾಲೇಜೊಂದಕ್ಕೆ ತಾಳೆಗರಿ ಕಟ್ಟುಗಳನ್ನು ಒಟ್ಟುಮಾಡುತ್ತಿದ್ದ ನಾನೂ ಗೆದ್ದಲಿನಂತೆಯೇ, ಯಾವ ಪವಾಡವನ್ನೂ ನಂಬುತ್ತಿರಲಿಲ್ಲ.

ಬೆಳ್ಳಾರೆ ಹತ್ತಿರದ ದೇವಕಿಯಮ್ಮನಲ್ಲಿ ಮದುವೆಯ ಶೋಭಾನೆ ಹಾಡುಗಳ ಒಂದು ಕಟ್ಟು ಇತ್ತು. ತುಳು ಲಿಪಿ. ಅವರ ಅತ್ತೆ ಓದಿ ಹಾಡುತ್ತಿದ್ದರಂತೆ. ಅತ್ತೆ ಹೋದ ಮೇಲೆ ಮನೆಯಲ್ಲಿ ಓದುವವರಿಲ್ಲ, ಹಾಡೂ ಮರೆತಿತ್ತು. ಮೊಮ್ಮಗಳ ಮದುವೆಗೆ ಅದೇ ಹಾಡು ಆಗಬೇಕೆಂದು ಅಜ್ಜಿಯ ಹಟ. ನಾನು ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟರೆ ಕಟ್ಟು ಕಾಲೇಜಿಗೆ ಎಂದು ಮಾತಾಯಿತು.

ಜಗಲಿಯಲ್ಲಿ ಚಾಪೆ ಹಾಸಿ, ದಾರ ಬಿಚ್ಚಿ, ಧೂಳು ಕೊಡವಿ ಗರಿಗಳನ್ನು ಸಾಲಾಗಿ ಹರಡಿದೆ. ಆಮೇಲೆ ಎಣ್ಣೆ ಹಚ್ಚಿ, ಅಕ್ಷರ ಕಾಣಲಿಕ್ಕೆ ಮಸಿ ತಿಕ್ಕುವುದು ಕ್ರಮ. ಅಷ್ಟರಲ್ಲಿ ಅಜ್ಜಿಯ ಮಗ ವೆಂಕಪ್ಪಯ್ಯ, ಅತಿಥಿಗೆ ಸೆಕೆಯಾಗಬಾರದೆಂದು, ಹೊಸ ಮೇಜಿನ ಫ್ಯಾನು ತಂದಿಟ್ಟು ಗುಂಡಿ ಒತ್ತಿದರು. ಯಾವತ್ತೂ ಇಲ್ಲದ ಕರೆಂಟು ಅಂದು ಇತ್ತು. ಗರಿಗಳು ಜಗಲಿ ತುಂಬ ಹಾರಿ ಕಲಸಿಹೋದವು. ಸಂಖ್ಯೆ ಬರೆದ ಅಂಚನ್ನು ಗೆದ್ದಲು ಮೊದಲೇ ಊಟ ಮಾಡಿತ್ತು.

"ಎಂತ ಮಾಡಿದೆ ಮಾರಾಯ!" ಎಂದರು ಅಜ್ಜಿ.

"ಅವರಿಗೆ ಗಾಳಿ ಬೇಡವಾ ಅಮ್ಮ?"

"ಬಂತಲ್ಲ ಈಗ. ಸಾಕಾ ಕೇಳು."

ಹೆಕ್ಕಿ, ಮಸಿ ತಿಕ್ಕಿ, ಸಂಜೆವರೆಗೆ ಕೂತರೂ ಜೋಡಿಸಲಾಗಲಿಲ್ಲ. ಮರುದಿನ ನವರಾತ್ರಿಯ ಪುಸ್ತಕ ಪೂಜೆ. ದೇವರ ಕೋಣೆಯಲ್ಲಿಟ್ಟದ್ದನ್ನು ವಿಜಯದಶಮಿವರೆಗೆ ಯಾರೂ ಮುಟ್ಟುವಂತಿಲ್ಲ. ಅಜ್ಜಿ ಕಲಸಿದ ಗರಿಗಳನ್ನೇ ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿದರು.

"ತೆಗೆಯುವ ದಿನ ಓದಲಿಕ್ಕೆ ಆದ್ರೆ ಆಯ್ತು. ಇಲ್ಲದಿದ್ರೆ ಹೊಳೆಗೆ ಬಿಡುದು. ತುಂಡು ಹಾಡು ಮನೆಯಲ್ಲಿ ಇಡುವ ಕ್ರಮ ಇಲ್ಲ."

ವಿಜಯದಶಮಿ ಬೆಳಿಗ್ಗೆ ಪುತ್ತೂರಿನಿಂದ ಬಸ್ಸು ಹತ್ತಿದೆ, ಸತ್ತವರ ಬೊಜ್ಜಕ್ಕೆ ಹೋಗುವವನ ಮುಖ ಹಾಕಿಕೊಂಡು. ಗಂಟು ಕಟ್ಟಿದ ಹಾಗೆಯೇ ಇತ್ತು, ಮೇಲೆ ಬಾಡಿದ ಹೂವು. ಬಿಚ್ಚಿ ಮೇಲಿನ ಗರಿ ಓದಿದೆ: ಗಣಪತಿ ಸ್ತುತಿ. ಇರಲಿ, ಕಾಕತಾಳೀಯ. ಎರಡನೆಯದು ಮೊದಲನೆಯದರ ಅರ್ಧ ಸಾಲನ್ನೇ ಹಿಡಿದು ಮುಂದುವರಿಯಿತು. ಮೂರನೆಯದೂ. ಮತ್ತೆ ಸ್ವಲ್ಪ ಹೊತ್ತಿಗೆ ಅಜ್ಜಿ ನನಗಿಂತ ಮುಂದೆ ಹಾಡುತ್ತಿದ್ದರು, ನಗುತ್ತ, ಸೆರಗಿನಲ್ಲಿ ಕಣ್ಣೊರೆಸುತ್ತ. ವೆಂಕಪ್ಪಯ್ಯ ಫ್ಯಾನನ್ನು ಕಂಕುಳಲ್ಲಿ ಒತ್ತಿ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಯಾವಾಗ ಜೋಡಿಸಿದ್ದು ನೀವು?" ಎಂದು ಕೇಳಿದರು. ನಾನು ಅವರನ್ನು ಕೇಳಬೇಕೆಂದಿದ್ದ ಪ್ರಶ್ನೆ ಅದು.

"ಅತ್ತೆಯೇ. ಚೆಲ್ಲಾಪಿಲ್ಲಿ ಇದ್ರೆ ಅವರಿಗೆ ಮೊದಲೇ ಆಗುದಿಲ್ಲ," ಎಂದ ದೇವಕಿಯಮ್ಮ ಪಾಯಸ ಬಡಿಸಲು ಎದ್ದರು.

ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಈವರೆಗೆ ಸಿಕ್ಕಿಲ್ಲ. ಇದನ್ನು ಒಪ್ಪುವ ಧೈರ್ಯವೂ ಬಂದಿಲ್ಲ. ಮೊಮ್ಮಗಳ ಮದುವೆಯಲ್ಲಿ ಹಾಡು ಪೂರ್ತಿ ಆಯಿತು. ಕಟ್ಟು ಕಾಲೇಜಿನ ಕಪಾಟಿನಲ್ಲಿ ಉಂಟು.