ಮಳೆ ಲೆಕ್ಕ ಹೊಸ ವಿಳಾಸಕ್ಕೆ ಹೋದದ್ದು

ಹೊಸ ಜಾಗಕ್ಕೆ ಹೋದ ಮೊದಲ ಬೆಳಿಗ್ಗೆಯೇ ಯಾರೋ ನನಗೆ ಹೃದಯ ಕೊಟ್ಟರು. ಹೆಸರು ನಮ್ಮ ಕಡೆಯದಲ್ಲ, ಮುಖವೂ ಇಲ್ಲ, ಬರೀ ಒಂದು ಕೆಂಪು ಹೃದಯ. ನಾನು ಬರೆದದ್ದು ‘ಮೂಡಿಗೆರೆ, ಮಳೆ ಇಲ್ಲ’ ಎಂದಷ್ಟೇ. ಮಳೆ ಬಾರದ್ದನ್ನು ಮೆಚ್ಚಿಕೊಳ್ಳುವ ಈ ಮನುಷ್ಯ ಯಾರು, ಇವನಿಗೆ ಏನು ಬೇಕು ಎಂದು ಮಧ್ಯಾಹ್ನದವರೆಗೂ ಯೋಚಿಸಿದೆ.

ಈಗಲೂ ಹಳೆಯ ಬ್ಲಾಗನ್ನು ಇಣುಕಿ ನೋಡುವ ನಿಮಗಾಗಿ ಇದನ್ನು ಹಳೆಯ ವಿಳಾಸದಲ್ಲೇ ಬರೆಯುತ್ತಿದ್ದೇನೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ನಾನು ಮೂಡಿಗೆರೆಯಲ್ಲಿ ಡೀಸೆಲ್ ಪಂಪ್‌ಸೆಟ್ ರಿಪೇರಿ ಮಾಡುವವನು. ಕಾಫಿ ತೋಟಗಳಿಗೆ ಸ್ಪ್ರಿಂಕ್ಲರ್ ಇಂಜಿನ್ ಬಾಡಿಗೆಗೂ ಕಳಿಸುತ್ತೇನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ಬ್ಲಾಗ್ ಬರೆಯುತ್ತಾನಂತೆ ಎಂದು ನಕ್ಕವರೇ ಕಾಫಿ ಮೊಗ್ಗು ಅರಳಿಸುವ ಹೂಮಳೆಯ ಕಾಲದಲ್ಲಿ ಅದನ್ನು ನೋಡದೆ ತಿಂಡಿಗೆ ಕೂರುವುದಿಲ್ಲ. ಎಷ್ಟು ಮಳೆ ಬಂತು ಎಂದು ನಾನು ಕೇಳುತ್ತೇನೆ. ಕೆಳಗೆ ನೀವು ಬರೆಯುತ್ತೀರಿ: ಊರು, ಸೆಂಟ್ಸ್, ಅಷ್ಟೇ. ನೂರು ಸೆಂಟ್ಸ್ ಸೇರಿದರೆ ಒಂದು ಇಂಚು. ಅರೆಬರೆ ಮಳೆ ಬಿದ್ದ ತೋಟಕ್ಕೆ ಬೇಗ ನೀರು ಹಾಯಿಸದಿದ್ದರೆ ಮೊಗ್ಗು ಕರಟಿ ಹೋಗುತ್ತದೆ. ಇರುವ ಒಂದೇ ಇಂಜಿನ್ ಮೊದಲು ಎಲ್ಲಿಗೆ ಹೋಗಬೇಕು ಎಂಬುದನ್ನು ನಿಮ್ಮ ಆ ಸಾಲುಗಳನ್ನು ನೋಡಿಯೇ ತೀರ್ಮಾನಿಸುತ್ತಿದ್ದೆ. ದೊಡ್ಡ ಎಸ್ಟೇಟಿನ ಫೋನಿಗೆ ಬಗ್ಗಿದವನಲ್ಲ ಎಂಬ ಹೆಸರೇ ನನ್ನ ಆಸ್ತಿ.

ಆದರೆ ಹಳೆಯ ಜಾಗದಲ್ಲಿ ಜಾಹೀರಾತಿನ ಕಾಟ ತಡೆಯಲಾಗದಾಗಿತ್ತು. ಕಳಸದ ಮಳೆ ನೋಡಲು ಹೋದರೆ ಮೊದಲು ಬೊಜ್ಜು ಕರಗಿಸುವ ಪುಡಿ ಕಾಣುತ್ತಿತ್ತು. ಸಿಗ್ನಲ್ ಕಮ್ಮಿ ಇರುವ ಕಡೆ ಪುಟ ತೆರೆಯುವಷ್ಟರಲ್ಲಿ ಮಳೆಯೇ ನಿಂತಿರುತ್ತಿತ್ತು. ಪಕ್ಕದ ಮೊಬೈಲ್ ಅಂಗಡಿಯ ಮುಸ್ತಫಾ ಹೊಸ ಜಾಗ ಹುಡುಕಿಕೊಟ್ಟ. ಅಲ್ಲಿ ಜಾಹೀರಾತಿಲ್ಲ, ಮುಟ್ಟಿದ ತಕ್ಷಣ ತೆರೆಯುತ್ತದೆ. ಡ್ಯಾಶ್‌ಬೋರ್ಡ್ ಎಂದೊಂದು ಇದೆ, ಮಾಲೀಕ ಮಾತ್ರ ಹೋಗುವ ಒಳಕೋಣೆಯ ಹಾಗೆ. ಅಷ್ಟು ಚೊಕ್ಕಟವಾಗಿದ್ದದ್ದೇ ನನಗೆ ಸಂಶಯ ತಂದದ್ದು.

“ಬರೆಯೋರ ಹೆಸರು, ಇಮೇಲ್ ತಗೊಳ್ಳುವ. ಎಲ್ರೂ ಹಾಗೇ ಮಾಡೋದು,” ಎಂದ ಮುಸ್ತಫಾ.

“ಮಳೆ ಹೇಳಕ್ಕೆ ಇಮೇಲ್ ಯಾಕೆ? ನಾಳೆ ಅದನ್ನ ಯಾವ್ದಾದ್ರೂ ಗೊಬ್ಬರದ ಕಂಪೆನಿಗೆ ಮಾರ್ತಾರೆ.”

“ನಿಮಗೆ ನಿಮ್ಮ ನೆರಳು ಕಂಡ್ರೂ ಅನುಮಾನ ಮಾರಾಯ್ರೆ.”

“ನೆರಳು ಇಮೇಲ್ ಕೇಳಲ್ಲ. ತೆಗಿ ಅದನ್ನ.”

ತೆಗೆದ.

ಒಂದು ಸಂಜೆ ಗುಡುಗಿ ಹೂಮಳೆ ಬಂತು. ಮೂಡಿಗೆರೆಯ ಲೆಕ್ಕ ಹಾಕಿ ಕಾದೆ. ಕೆಳಗೆ ಒಬ್ಬರೂ ಬರೆಯಲಿಲ್ಲ. ಮರುದಿನವೂ ಇಲ್ಲ. ಇಷ್ಟು ವರ್ಷದವರು ವಿಳಾಸ ಬದಲಾದ ಮಾತ್ರಕ್ಕೆ ಕೈಬಿಟ್ಟರಲ್ಲ ಎಂದು ನಿಮ್ಮ ಮೇಲೆಯೇ ಸಂಶಯವಾಯಿತು. ಅಷ್ಟರಲ್ಲಿ ಕಳಸದ ಕಡೆಯ ಒಂದು ದೊಡ್ಡ ಎಸ್ಟೇಟಿನಿಂದ ಫೋನ್ ಬಂತು. ಬೇರೆ ಯಾರೂ ಕೇಳಿಲ್ಲವಲ್ಲ ಎಂದು ಇಂಜಿನ್ ಅಲ್ಲಿಗೆ ಕಳಿಸಿದೆ.

ಅದರ ಮರುದಿನ ವಸ್ತಾರೆಯ ಸಣ್ಣ ಬೆಳೆಗಾರ ಸುಬ್ಬೇಗೌಡರು ನನ್ನ ಶೆಡ್ಡಿಗೇ ಬಂದರು. ಸ್ಟೂಲ್ ಕೊಟ್ಟರೂ ಕೂರಲಿಲ್ಲ.

“ವಸ್ತಾರೆ ಮೂವತ್ತು ಸೆಂಟ್ಸ್ ಅಂತ ಎರಡು ಸಲ ಬರ್ದೆ. ನಿನ್ನ ಇಂಜಿನ್ ಕಳಸದಲ್ಲಿ. ದೊಡ್ಡವ್ರು ಕರೆದ್ರು, ಕಳ್ಸಿದೆ. ಹಾಗಂತ ಹೇಳ್ಬಿಡು ಮಾರಾಯ, ನಂಗೂ ಗೊತ್ತಾಗ್ಲಿ.”

“ಗೌಡ್ರೆ, ದೇವರಾಣೆ ನೀವು ಬರ್ದಿದ್ದು ನಾನು ನೋಡೇ ಇಲ್ಲ.”

“ಹೌದೌದು. ಆಯಿಲ್ ಇಲ್ದೆ ಇಂಜಿನ್ ಜಾಮ್ ಮಾಡ್ಕೊಂಡು ಬರೋರೂ ನಿಂಗೆ ಇದನ್ನೇ ಹೇಳೋದು. ಆಗ ನೀನು ನಂಬ್ತೀಯಾ?”

ಮುಸ್ತಫಾನನ್ನು ಕೂಗಿದೆ. ಅವನು ಒಳಕೋಣೆಗೆ ಹೋಗಿ ಅಲ್ಲಿ ಇಲ್ಲಿ ಒತ್ತಿದ. ‘ಸಂಶಯಾಸ್ಪದ’ ಎಂಬ ತಲೆಬರಹದ ಕೆಳಗೆ ನೀವೆಲ್ಲ ಇದ್ದಿರಿ. ವಸ್ತಾರೆ, ಕಳಸ, ಬಣಕಲ್, ಊರಿಗೆ ಊರೇ. ಹೆಸರು ಹೇಳದೆ ಬರೀ ಅಂಕಿ ಬರೆದವರನ್ನೆಲ್ಲ ಆ ಜಾಗ ಕಳ್ಳರೆಂದು ತಿಳಿದು ಹಿಂದೆ ಕೂರಿಸಿತ್ತು.

“ಹೆಸರು ಬೇಡ ಅಂತ ನೀವೇ ಅಲ್ವ ಹಠ ಮಾಡಿದ್ದು,” ಎಂದ ಮುಸ್ತಫಾ, ಮೆಲ್ಲಗೆ.

ಗೌಡರು ಕನ್ನಡಕ ಏರಿಸಿ ಪರದೆಗೆ ಬಗ್ಗಿದರು. “ನಾನಿದೀನಲ್ಲೋ ಇಲ್ಲಿ! ಎರಡು ಸಲ ಇದೀನಿ! ಬಿಡೋ ನನ್ನ ಹೊರಗೆ ಮೊದ್ಲು.”

ಅವತ್ತೇ ನಾನೇ ಜೀಪಿನಲ್ಲಿ ಹೋಗಿ ಇಂಜಿನ್ ತಂದು ವಸ್ತಾರೆಯಲ್ಲಿ ಇಳಿಸಿದೆ, ಪೈಪ್ ಎಳೆಯಲೂ ನಿಂತೆ. ಕೆರೆಯ ಕಡೆಯ ತೋಟ ಬೆಳ್ಳಗೆ ಅರಳಿತು. ರಸ್ತೆ ಬದಿಯದು ಉಳಿಯಲಿಲ್ಲ. ಗೌಡರು ಕಾಫಿ ಕೊಟ್ಟರು. ಈಗ ಅವರು ಮಳೆಯನ್ನು ಬರೆಯುತ್ತಾರೆ, ಬರೆದಿದ್ದೇನೆ ಎಂದು ಫೋನೂ ಮಾಡುತ್ತಾರೆ, ಪುಟದಲ್ಲಿ ಕಾಣುವವರೆಗೆ ಫೋನ್ ಇಡುವುದಿಲ್ಲ.

ಹೊಸ ಜಾಗ ಒಳ್ಳೆಯದೇ, ಸುಳ್ಳು ಹೇಳಬಾರದು. ಕಳಸದ ಮೂಲೆಯಲ್ಲೂ ಕ್ಷಣದಲ್ಲಿ ತೆರೆಯುತ್ತದೆ. ಹಳೆಯ ಜಾಗದಲ್ಲಿ ಯಾರೂ ಯಾರನ್ನೂ ನೀನು ಯಾರು ಎಂದು ಕೇಳುತ್ತಿರಲಿಲ್ಲ. ಇಲ್ಲಿ ಮಳೆ ಬಂದ ಸಂಜೆಯೆಲ್ಲ ಕೈಯ ಗ್ರೀಸ್ ತೊಳೆದು ಕೂತು, ಒಬ್ಬೊಬ್ಬರಿಗೂ ‘ಒಪ್ಪಿಗೆ’ ಒತ್ತುತ್ತೇನೆ. ಇವನು ನಮ್ಮವನು, ಇವನೂ ನಮ್ಮವನು ಎಂದು ಜಾಮೀನು ನಿಂತ ಹಾಗೆ. ಮನೆಯ ಯಜಮಾನನೋ ಗೇಟಿನ ವಾಚ್‌ಮನ್ನೋ, ನನಗೇ ಸರಿಯಾಗಿ ತಿಳಿಯುತ್ತಿಲ್ಲ.

ಮೊನ್ನೆ ಮಳೆ ಬಂದಾಗ ನಾನು ಅಂಗಡಿಯಲ್ಲಿರಲಿಲ್ಲ. ದಾರಿಯಲ್ಲಿ ನಿಂತು, ಬೇರೆಯವರ ಫೋನಿನಿಂದ ಮುಸ್ತಫಾನಿಗೆ ಮಾಡಿ ಲೆಕ್ಕ ಕೇಳಿ, ಅದರಲ್ಲೇ ‘ಮೂಡಿಗೆರೆ ಎಂಬತ್ತು’ ಎಂದು ಬರೆದೆ. ಸಂಜೆ ಬಂದು ನೋಡಿದರೆ, ಸಂಶಯದವರ ಸಾಲಿನಲ್ಲಿ ಎಲ್ಲರಿಗಿಂತ ಮೇಲೆ ನಾನೇ ಕೂತಿದ್ದೆ. ಉಳಿದವರಿಗೆಲ್ಲ ಒಪ್ಪಿಗೆ ಒತ್ತಿದೆ. ನನ್ನ ಸಾಲಿನ ಮುಂದೆ ಮಾತ್ರ ಸ್ವಲ್ಪ ಹೊತ್ತು ಬೆರಳು ನಿಂತಿತು.